ರಾಧಾಮಣಿಯ ಕಿವಿ, ಅಕೀಬನ ಸಂಗೀತ

ನಾಗಮಂಗಲದ ಆಚಾರ್ರ ಬೀದಿಯಲ್ಲಿ ರಾಧಾಮಣಿಯ ಬಾಯಿಗೆ ಹೆದರದವರಿರಲಿಲ್ಲ. ಹಾಲಿನವನು ಅವಳ ಮನೆ ಹತ್ತಿರ ಬಂದಾಗ ಹಾರನ್ನಿನಿಂದ ಕೈ ತೆಗೆಯುತ್ತಿದ್ದ. ಪಾತ್ರೆ ಮಾರುವವನು ಮೈಕು ಆಫ್ ಮಾಡಿಕೊಂಡು ಹೋಗಿ ಮುಂದಿನ ತಿರುವಿನಲ್ಲಿ ಮತ್ತೆ ಆನ್ ಮಾಡುತ್ತಿದ್ದ. ನಾನು ಹೈಸ್ಕೂಲಿಗೆ ವರ್ಗವಾಗಿ ಬಂದು ಅವಳ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ಮೊದಲ ವಾರವೇ ಗೋಡೆಯಾಚೆಯಿಂದ ಬೈಸಿಕೊಂಡೆ.

"ಟೀಚರಮ್ಮ, ಎಷ್ಟು ಸಲ ಕೂಗುಸ್ತೀರಿ ಆ ಕುಕ್ಕರ್ನ? ಬೇಳೆ ಬೇಯಿಸ್ತಾ ಇದ್ದೀರೋ, ಕಲ್ಲು ಬೇಯಿಸ್ತಾ ಇದ್ದೀರೋ?"

ಜಗಳಗಂಟಿ ಹೆಂಗಸು ಎಂದುಕೊಂಡು ಸುಮ್ಮನಾದೆ. ಆ ಮಾತನ್ನು ಈಗ ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಯಾಕೆಂದರೆ ಆ ಬೀದಿಯ ಎಲ್ಲರ ಹಾಗೆ ನಾನೂ ಅವಳ ಬಾಯನ್ನು ಕೇಳಿಸಿಕೊಂಡೆನೇ ಹೊರತು ಅವಳ ಕಿವಿಯ ವಿಚಾರ ಕೇಳಲಿಲ್ಲ.

ರಾಧಾಮಣಿ ಹೊಣಕೆರೆ ಕಡೆಯ ಮರಗೆಲಸದವರ ಮಗಳು. ಇಪ್ಪತ್ತನೇ ವಯಸ್ಸಿಗೆ ಪುಟ್ಟಸ್ವಾಮಾಚಾರಿಯನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಗಂಡನದು ಹಿತ್ತಾಳೆ ದೀಪ ಎರಕ ಹೊಯ್ಯುವ ಕಸುಬು. ಅಚ್ಚಿನಿಂದ ಬಂದ ದೀಪ ಕಪ್ಪಗೆ, ಒರಟಾಗಿ ಇರುತ್ತದೆ. ಅದನ್ನು ಮೋಟರಿನಲ್ಲಿ ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ಹೊಳಪು ಬರಿಸಬೇಕು. ಮದುವೆಯಾದ ಎರಡನೇ ವರ್ಷದಿಂದ ಆ ಪಾಲಿಶ್ ಮಿಷನ್ನಿನ ಮುಂದೆ ಕೂತವಳು ರಾಧಾಮಣಿ. ತಗಡಿನ ಮಾಡಿನ ಸಣ್ಣ ಕೋಣೆ. ಮಿಷನ್ ಶುರುವಾದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಮಗಳು ರಂಜಿತ ಹುಟ್ಟಿದಾಗ ಮೂರು ತಿಂಗಳು ಬಿಟ್ಟದ್ದು ಬಿಟ್ಟರೆ ಆ ಕೋಣೆಯಲ್ಲೇ ಅವಳ ಹಗಲು ಕಳೆಯಿತು.

ಒಂದು ಸಂಜೆ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಮಿಷನ್ ಇನ್ನೂ ಓಡುತ್ತಿರುವುದು ಅವಳಿಗೆ ಕೇಳಿಸಿತು.

"ಸ್ವಿಚ್ ಆರ್ಸಿದ್ದೀನಾ ಅಂತ ಮೂರು ಸಲ ಹೋಗಿ ನೋಡ್ದೆ ಟೀಚರಮ್ಮ," ಎಂದು ಆಮೇಲೆ ಹೇಳಿದಳು. "ಆರ್ಸಿದ್ದೆ. ಆದ್ರೂ ಕುಂಯ್ಯ್ ಅಂತಾನೇ ಐತೆ. ಹಿತ್ತಾಳೆನ ಚಕ್ರುಕ್ಕೆ ಕೊಟ್ಟಾಗ ಬರ್ತದಲ್ಲ, ಅದೇ ಸದ್ದು. ಅವತ್ತಿಂದ ನಿಂತಿಲ್ಲ."

ಒಂಬತ್ತು ವರ್ಷ ನಿಲ್ಲಲಿಲ್ಲ. ಊಟ ಮಾಡುವಾಗ, ಸ್ನಾನ ಮಾಡುವಾಗ, ಮಗಳ ಧಾರೆಯ ಹೊತ್ತಿನಲ್ಲೂ ಕುಂಯ್ಯ್. ಹೊರಗಿನ ಯಾವ ಚೂಪು ಸದ್ದು ಬಿದ್ದರೂ ಒಳಗಿನದು ಇನ್ನಷ್ಟು ಎದ್ದು ನಿಲ್ಲುತ್ತಿತ್ತು. ಅದಕ್ಕೇ ಹಾರನ್ನು, ಮೈಕು, ನನ್ನ ಕುಕ್ಕರು ಅವಳಿಗೆ ಶತ್ರುಗಳಾದದ್ದು. ಹಾಗೆಂದು ನಿಶ್ಶಬ್ದವೂ ಆಗುತ್ತಿರಲಿಲ್ಲ. ಕರೆಂಟು ಹೋಗಿ ಬೀದಿಯೆಲ್ಲ ತಣ್ಣಗಾದರೆ ಎಲ್ಲರೂ ಜಗುಲಿಗೆ ಬಂದು ಹಾಯಾಗಿ ಕೂರುವರು. ಅವಳೊಬ್ಬಳು ಎರಡು ಕಿವಿಗೂ ಅಂಗೈ ಒತ್ತಿಕೊಂಡು ಹಿತ್ತಲಲ್ಲಿ ಅಡ್ಡಾಡುವಳು.

ಮದ್ದು ಮಾಡಲಿಲ್ಲವೆಂದಲ್ಲ. ಅತ್ತೆ ಜಯಲಕ್ಷ್ಮಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ಒಬ್ಬ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗುಗ್ಗೆ ಇಲ್ಲ, ಟೆನ್ಶನ್ನು, ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದು ವಿಟಮಿನ್ ಮಾತ್ರೆ ಬರೆದರು. ದೇವಲಾಪುರದ ಕಡೆಯ ಶಾಸ್ತ್ರದವನು ಸತ್ತವರಾರೋ ಕರೆಯುತ್ತಿದ್ದಾರೆಂದು ತಾಯಿತ ಕಟ್ಟಿದ. ಗಂಡನಂತೂ ಒಂದೇ ಮಾತು: "ಕಿವೀಲಿ ಏನೂ ಇಲ್ಲ ಕಣೆ. ನಿನ್ ತಲೇಲೇ ಅದೆ." ನಾನು ಓದಿದವಳು, ಪ್ರಾಣಾಯಾಮ ಮಾಡಿ ಎಂದೆ. ಒಂಬತ್ತು ವರ್ಷದಲ್ಲಿ ಒಬ್ಬರಾದರೂ, ನೀನು ಕೂರುವುದು ಯಾವ ಮಿಷನ್ನಿನ ಮುಂದೆ ಎಂದು ಕೇಳಲಿಲ್ಲ.

ರಂಜಿತಳನ್ನು ಕೊಟ್ಟಿರುವುದು ಶ್ರೀರಂಗಪಟ್ಟಣದ ಗಂಜಾಂಗೆ. ಹೋದ ವರ್ಷ ಮೊಮ್ಮಗುವನ್ನು ನೋಡಲು ರಾಧಾಮಣಿ ಬಸ್ಸಿನಲ್ಲಿ ಹೊರಟಳು. ಬಸ್ಸಿನಲ್ಲಿ ಸಿನಿಮಾ ಹಾಡು ಹಾಕಿದ್ದಕ್ಕೆ ಪಾಂಡವಪುರದವರೆಗೂ ಕಂಡಕ್ಟರನ ಜೊತೆ ಜಗಳ ಆಯಿತು. ಶ್ರೀರಂಗಪಟ್ಟಣದಲ್ಲಿ ಇಳಿದಾಗ ತಲೆ ಸಿಡಿಯುತ್ತಿತ್ತು. ಎದುರಿಗೆ ಸಿಕ್ಕ ಆಟೋ ಹತ್ತಿದಳು.

ಎರಡು ನಿಮಿಷ ಕಳೆದಿರಬೇಕು. ಏನೋ ಕಮ್ಮಿಯಾದಂತೆ ಅನ್ನಿಸಿತು. ಚೀಲ ಬಸ್ಸಿನಲ್ಲೇ ಬಿಟ್ಟೆನೇ ಎಂದು ನೋಡಿಕೊಂಡಳು. ಚೀಲ ತೊಡೆಯ ಮೇಲೇ ಇತ್ತು. ಕಮ್ಮಿಯಾಗಿದ್ದದ್ದು ಕಿವಿಯ ಸದ್ದು.

"ಲೋ, ನಿಲ್ಸು ಆಟೋನ!"

ಡ್ರೈವರು ಗಾಬರಿಯಿಂದ ಪಕ್ಕಕ್ಕೆ ಹಾಕಿದ.

"ಏನದು ನೀನು ಆಕಿರೋದು?"

"ಸಾರಿ ಅಮ್ಮ. ಎಲ್ರೂ ಬೈತಾರೆ. ಆಫ್ ಮಾಡ್ಬುಡ್ತೀನಿ."

"ಆಫ್ ಗೀಫ್ ಮಾಡುದ್ರೆ ಕೈ ಮುರ್ದಾಕ್ಬುಡ್ತೀನಿ! ಏನು ಅಂತ ಕೇಳ್ದೆ."

ಅವನ ಹೆಸರು ಅಕೀಬ್. ಇಪ್ಪತ್ತೇಳು ವರ್ಷ. ಹಗಲು ಆಟೋ ಓಡಿಸಿ, ಬಿಡುವಿದ್ದಾಗ ಮನೆಯಲ್ಲಿ ಒಂದು ಹಳೇ ಕೀಬೋರ್ಡು ಮತ್ತು ಮೊಬೈಲು ಇಟ್ಟುಕೊಂಡು ಸಂಗೀತ ಮಾಡುತ್ತಾನೆ. ಹೊಳೆಯ ಕಲ್ಲುಮೆಟ್ಟಿಲಿನ ಸಂದಿಯಲ್ಲಿ ಕಾವೇರಿ ನೀರು ನುಗ್ಗಿ ಹಿಂದಕ್ಕೆ ಸರಿಯುವ ಸದ್ದನ್ನು ರೆಕಾರ್ಡ್ ಮಾಡಿ, ಅದನ್ನು ಎಳೆದೆಳೆದು ನಿಧಾನ ಮಾಡಿ, ಅದರ ಕೆಳಗೆ ಕೀಬೋರ್ಡಿನ ಒಂದೆರಡು ಸ್ವರ ಉದ್ದಕ್ಕೆ ಹಿಡಿದಿದ್ದ. ಆಟೋದಲ್ಲಿ ಕೇಳುತ್ತಿದ್ದದ್ದು ಅದೇ.

"ಆಂಬಿಯೆಂಟ್ ಅಂತಾರೆ ಅಮ್ಮ ಇದುಕ್ಕೆ. ತಾಳ ಇಲ್ಲ, ಪಲ್ಲವಿ ಇಲ್ಲ, ಮಾತಿಲ್ಲ. ಬಾ, ನನ್ನ ಕೇಳು ಅಂತ ಕೈ ಹಿಡ್ದು ಎಳಿಯಲ್ಲ. ಅದ್ರ ಪಾಡಿಗೆ ಅದು ಇರ್ತದೆ."

"ಯಾವ ಕಂಪ್ನೀದು?"

"ಯಾವ ಕಂಪ್ನೀದೂ ಅಲ್ಲ. ನಾನೇ ಮಾಡಿ ನಾನೇ ಇಂಟರ್ನೆಟ್ಟಿಗೆ ಆಕ್ತೀನಿ. ನನ್ನಂಗೆ ಸುಮಾರು ಜನ ಅವ್ರೆ. ಒಂದೈವತ್ತು ಜನ ಕೇಳ್ತಾರೆ, ಅಷ್ಟೆ."

"ಐವತ್ತೊಂದು," ಎಂದು ರಾಧಾಮಣಿ ಫೋನು ಮುಂದೆ ಚಾಚಿದಳು. "ಇದ್ರೊಳಿಕ್ಕೆ ಆಕ್ಕೊಡು."

ಊರಿಗೆ ಬಂದ ಮೇಲೆ ಅವಳಿಗೆ ಒಂದು ಹೊಸ ಅಭ್ಯಾಸವಾಯಿತು. ಮಧ್ಯಾಹ್ನದ ಊಟವಾದ ಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಗೋಡೆಗೊರಗಿ, ಇಯರ್‌ಫೋನ್ ಹಾಕಿಕೊಳ್ಳುವಳು. ಮುಕ್ಕಾಲು ಗಂಟೆ. ಮಹಡಿಯಲ್ಲಿ ಬಟ್ಟೆ ಒಣಹಾಕಲು ಹೋದಾಗ ನಾನು ನೋಡಿದ್ದೇನೆ. ಮೊದಲ ಐದು ನಿಮಿಷ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿತ್ತು. ಆಮೇಲೆ ದವಡೆ ಸಡಿಲವಾಗುತ್ತಿತ್ತು. ಹಿತ್ತಾಳೆ ಪುಡಿ ಕೂತು ಕಂದಿದ ಬೆರಳುಗಳು ಮಡಿಲಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವಳ ಮುಖ ಅಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದು ದಿನ ನನ್ನನ್ನೂ ಕೂರಿಸಿ ಒಂದು ಕಿವಿಗೆ ಸಿಕ್ಕಿಸಿದಳು. ನನಗೆ ಮೊದಲು ಏನೂ ಆಗುತ್ತಿಲ್ಲ ಅನ್ನಿಸಿತು. ಎಲ್ಲಿ ಶುರುವಾಯಿತು, ಹಾಡು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ.

"ಕಾಯ್ಬೇಡಿ," ಎಂದಳು. "ಬರೋದು ಏನೂ ಇಲ್ಲ. ಬಂದೈತೆ ಆಗ್ಲೇ."

ಕಾಯುವುದನ್ನು ಬಿಟ್ಟೆ. ಆಗ ನೀರಿನ ಸದ್ದಿನ ಒಳಗೆ ಇನ್ನೊಂದು ನೀರು ಕೇಳಿಸಿತು. ಅದರಾಚೆ ಒಂದು ಹಕ್ಕಿ, ತುಂಬ ದೂರದಲ್ಲಿ. ಕೆಳಗಿನ ಸ್ವರ ಬದಲಾದದ್ದು ಬದಲಾದ ಮೇಲೆ ತಿಳಿಯಿತು. ನಾಳೆಯ ಪಾಠ, ಮಾಡಬೇಕಾದ ಫೋನು, ಎಲ್ಲ ತಲೆಯಲ್ಲೇ ಇದ್ದವು, ಆದರೆ ನನ್ನ ಮೇಲೆ ಬೀಳುತ್ತಿರಲಿಲ್ಲ. ಕಿವಿಯ ಸದ್ದು ಪೂರಾ ಹೋಗುತ್ತದೆಯೇ ಎಂದು ಕೇಳಿದೆ.

"ಹೋಗಲ್ಲ. ಅದೂ ಈ ಸದ್ದುಗುಳ ಜೊತೇಲಿ ಸೇರ್ಕಂಡು ಮೂಲೇಲಿ ಕೂತ್ಕತದೆ. ಅದೊಂದೇ ಇದ್ರೆ ತಾನೆ ಕುಣಿಯೋದು?"

ಅಕೀಬ್ ವಾಟ್ಸಾಪಿನಲ್ಲಿ ಬೇರೆಯವರದೂ ಕಳಿಸುತ್ತಿದ್ದ. ಕೇರಳದ ಯಾರೋ ಹುಡುಗಿ ತಗಡಿನ ಮೇಲಿನ ಮಳೆಯಿಂದ ಮಾಡಿದ್ದು, ಯಾವುದೋ ಚಳಿದೇಶದವನು ಖಾಲಿ ಉಗ್ರಾಣದಲ್ಲಿ ಗಾಳಿ ಹಿಡಿದದ್ದು. ರಾಧಾಮಣಿಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಅಮ್ಮಿಯ ಮಿಷನ್'. ಅಕೀಬನ ತಾಯಿ ಅಮೀನಾಬೀಯ ಹೊಲಿಗೆ ಮಿಷನ್ನಿನ ಸದ್ದನ್ನು ಹತ್ತು ಪಟ್ಟು ನಿಧಾನ ಮಾಡಿದ್ದು. ಹಸು ಮಲಗಿ ಉಸಿರಾಡಿದ ಹಾಗೆ ಕೇಳುತ್ತಿತ್ತು. "ಮಿಷನ್ನೂ ಇಷ್ಟು ಮೆತ್ತುಗೆ ಮಾತಾಡ್ತದಾ ಟೀಚರಮ್ಮ?" ಎಂದು ಅವಳು ಕೇಳಿದಾಗ ಕಣ್ಣಲ್ಲಿ ನೀರಿತ್ತು.

ಮನೆಯವರಿಗೆ ಇದು ಹಿಡಿಸಲಿಲ್ಲ. ಹೆಂಗಸು ಹಗಲು ಹೊತ್ತಿನಲ್ಲಿ ಕಿವಿಗೆ ದಾರ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತರೆ ನೋಡಿದವರು ಏನಂದಾರು ಎಂದು ಜಯಲಕ್ಷ್ಮಮ್ಮ ಗೊಣಗಿದರು. ದೀಪಾವಳಿಯ ಆರ್ಡರು ಹತ್ತಿರ ಬಂದಂತೆ ಪುಟ್ಟಸ್ವಾಮಾಚಾರಿ ಒಂದು ದಿನ ಹಿತ್ತಲಿಗೆ ಬಂದು ಇಯರ್‌ಫೋನಿನ ವೈರನ್ನೇ ಹಿಡಿದೆಳೆದರು. ರಾಧಾಮಣಿ ಕಣ್ಣು ಬಿಟ್ಟು, ಎಂದಿನಂತೆ ಕೂಗದೆ, "ಇನ್ನೊಂದ್ಸಲ ಇದುನ್ನ ಮುಟ್ಟುದ್ರೆ ನಾನು ಮಿಷನ್ ಮುಟ್ಟಲ್ಲ," ಎಂದಳಂತೆ. ಆರ್ಡರಿಗೆ ಇನ್ನೊಂದು ಕೈ ಇರಲಿ ಎಂದು ಆಚಾರಿ ಅಂದೇ ದೇವಲಾಪುರದಿಂದ ಚಿನ್ನು ಎಂಬ ಹೆಣ್ಣುಮಗಳನ್ನು ಪಾಲಿಶ್ ಕೆಲಸಕ್ಕೆ ಗೊತ್ತುಮಾಡಿದರು. ಇಪ್ಪತ್ತು ವರ್ಷದವಳು. ಒಂದು ತಿಂಗಳಾದ ಮೇಲೆ ಅವಳು, ಅಕ್ಕ, ಸಂಜೆಯಾದರೆ ಕಿವಿ ಗುಂಯ್ ಅನ್ನುತ್ತದೆ ಎಂದಳು. ರಾಧಾಮಣಿ ಆರ್ಡರಿನ ಗಡಿಬಿಡಿಯಲ್ಲಿದ್ದಳು. "ಅಭ್ಯಾಸ ಆಯ್ತದೆ ಬುಡು," ಎಂದುಬಿಟ್ಟಳು.

ಅದಾದ ಮೇಲೆ ಅವಳು ಗಂಜಾಂಗೆ ಹೋದಾಗ ಅಕೀಬ್ ತನ್ನ ಮನೆಗೆ ಕರೆದುಕೊಂಡು ಹೋದ. ಅಮೀನಾಬೀ ಚಹಾ ಕೊಟ್ಟರು. ತಂದೆ ಜಲೀಲ್ ಸಾಬರು ಕಿಟಕಿಯ ಬಳಿ ಕೂತಿದ್ದರು. ಪಕ್ಕದಲ್ಲಿ ಸಣ್ಣ ಸ್ಪೀಕರಿನಲ್ಲಿ ಅದೇ ಹೊಳೆಯ ಸದ್ದು, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ತಂಗಿ, ನಿಮ್ಗೂ ಐತಂತಲ್ಲ ಸೀಟಿ," ಎಂದರು ಅವರು. "ನೀವು ಕೆಲಸ ಮಾಡೋದು ಯಾವ ಮಿಷನ್ ಮುಂದೆ?"

ರಾಧಾಮಣಿ ಲೋಟ ಕೆಳಗಿಟ್ಟು ಪಾಲಿಶ್ ಮಿಷನ್ನಿನ ಕತೆಯನ್ನೆಲ್ಲ ಹೇಳಿದಳು.

ಜಲೀಲ್ ಸಾಬರು ಪಾಂಡವಪುರದ ಕಡೆ ಒಂದು ಜಲ್ಲಿ ಕ್ರಷರಿನಲ್ಲಿ ಹದಿನೆಂಟು ವರ್ಷ ದುಡಿದವರು. ಕಿವಿಯ ಸೀಟಿಯಿಂದ ಮನೆಯಲ್ಲಿ ಪಾತ್ರೆ ಎಸೆಯುವಷ್ಟು ಸಿಡುಕರಾಗಿದ್ದರಂತೆ. ಅಪ್ಪ ಹೊಳೆಯ ಹತ್ತಿರ ಕೂತಾಗ ಮಾತ್ರ ತಣ್ಣಗಿರುವುದನ್ನು ಕಂಡು ಅಕೀಬ್ ಆ ಹೊಳೆಯನ್ನು ಫೋನಿನಲ್ಲಿ ತುಂಬಿಕೊಂಡು ಮನೆಗೆ ತಂದಿದ್ದ. ಅವನ ಸಂಗೀತ ಶುರುವಾದದ್ದೇ ಹಾಗೆ.

"ದೆವ್ವಾನೂ ಅಲ್ಲ, ಟೆನ್ಶನ್ನೂ ಅಲ್ಲ. ಕಿವಿಗೆ ಬಿದ್ದಿರೋ ಏಟು ಅದು," ಎಂದರು ಸಾಬರು. "ಮಂಡ್ಯದಲ್ಲಿ ಟೆಸ್ಟ್ ಮಾಡ್ತಾರೆ. ಹೋಗಿ ಬನ್ನಿ."

ಮಂಡ್ಯದಲ್ಲಿ ಕಿವಿ ಪರೀಕ್ಷೆ ಮಾಡುವ ಸಹನ ಎಂಬ ಹುಡುಗಿ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸಣ್ಣ ಸಣ್ಣ ಸದ್ದು ಕೇಳಿಸಿ, ಕೊನೆಗೆ ಒಂದು ಕಾಗದ ತೋರಿಸಿದಳು. ಗೆರೆ ನೆಟ್ಟಗೆ ಬಂದು ಒಂದು ಜಾಗದಲ್ಲಿ ದಬಕ್ಕನೆ ಗುಂಡಿಗೆ ಬಿದ್ದಿತ್ತು. ಮಿಷನ್ ಸದ್ದಿಗೆ ಸವೆದ ಕಿವಿ ಹೀಗೇ ಇರುತ್ತದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದಳು. ಕೆಲಸದ ಹೊತ್ತಿನಲ್ಲಿ ಕಿವಿ ಮುಚ್ಚುವ ದಪ್ಪ ಮಫ್ ಹಾಕಿಕೊಂಡಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದಳು. ಮೆಲ್ಲಗಿನ ಸದ್ದು ಕೇಳುವುದು ಒಳ್ಳೆಯದೇ, ಜೋರಾಗಿ ಮಾತ್ರ ಇಡಬೇಡಿ ಎಂದೂ ಹೇಳಿದಳು.

ಅವತ್ತು ಮಧ್ಯಾಹ್ನ ಬಸ್ಸಿಳಿದು ಬಂದ ರಾಧಾಮಣಿಯನ್ನು ನಾನು ನನ್ನ ಮನೆಯ ಮೆಟ್ಟಿಲ ಮೇಲಿಂದ ನೋಡಿದೆ. ಚಪ್ಪಲಿ ಬಿಡದೆ ನೇರ ತಗಡಿನ ಕೋಣೆಗೆ ಹೋದಳು. ಒಳಗೆ ಚಿನ್ನು ಕೆಲಸದಲ್ಲಿದ್ದಳು. ರಾಧಾಮಣಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು.

"ಯಾಕೆ ಆರ್ಸುದ್ದು? ಆರ್ಡರ್ ಬಾಕಿ ಅದೆ," ಎಂದು ಆಚಾರಿ ಓಡಿ ಬಂದರು.

ಅವಳು ಕಾಗದವನ್ನು ಅವರ ಎದೆಗೆ ಒತ್ತಿದಳು. "ಓದಿ. ನನ್ ತಲೇಲಿ ಐತೋ ಕಿವೀಲಿ ಐತೋ ಓದಿ. ಇದೇ ಮಿಷನ್ನು ಮಾಡಿರೋದು. ಈ ಮಗೀಗೂ ಆಗ್ಲೇ ಶುರುವಾಗೈತೆ. ಅಭ್ಯಾಸ ಆಯ್ತದೆ ಅಂದ್ಬುಟ್ನಲ್ಲ ನಾನು, ನನ್ ಬಾಯಿಗೆ ಮಣ್ಣಾಕ!"

ಆಚಾರಿ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅವರಿಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಂಗೂ ಅದೆ," ಎಂದರು.

"ಏನು?"

"ಆ ಸದ್ದು. ಇಪ್ಪತ್ತೈದು ವರ್ಷ ಆಯ್ತು. ನಮ್ಮಪ್ಪಂಗೂ ಇತ್ತು. ಕಸುಬಿನೋರ ಕಿವಿ ಇಂಗೇ ಕಣ್ಲಾ, ಬಾಯ್ಮುಚ್ಕಂಡು ಗೇಯಿ ಅಂದಿದ್ರು."

ನಾನು ಆ ಬೀದಿಯಲ್ಲಿ ಅವಳ ಕೂಗನ್ನು ಎಷ್ಟೋ ಸಲ ಕೇಳಿದ್ದೆ. ಆ ಹೊತ್ತು ಅವಳು ಕೂಗಲಿಲ್ಲ. ಸ್ವರ ಕೆಳಗಿಳಿದಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು.

"ಗೊತ್ತಿತ್ತು ನಿಮ್ಗೆ. ಗೊತ್ತಿದ್ದೂ ನನ್ ಕೈಗೆ ತಾಯ್ತ ಕಟ್ಸುದ್ರಿ. ಗೊತ್ತಿದ್ದೂ ತಲೆ ಕೆಟ್ಟೈತೆ ಅಂದ್ರಿ. ಯಾಕೆ ಯೋಳ್ನಿಲ್ಲ?"

ಅವರು ತಲೆ ತಗ್ಗಿಸಿದರು. "ಯೋಳಿದ್ರೆ ನೀನು ಮಿಷನ್ ಬುಟ್ಟು ಎದ್ದೋಗ್ತಿದ್ದೆ."

ಪಕ್ಕದಲ್ಲಿ ಪಾಲಿಶ್ ಆದ ದೀಪಗಳ ಸಾಲಿತ್ತು. ರಾಧಾಮಣಿ ಒಂದನ್ನು ಎತ್ತಿ ಬೀದಿಗೆ ಎಸೆದಳು. ಅದು ಕಲ್ಲಿಗೆ ಬಡಿದು, ಉರುಳಿ, ಚರಂಡಿಯ ಅಂಚಿನಲ್ಲಿ ನಿಂತಿತು. ಇನ್ನೊಂದು ಎಸೆದಳು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಜಯಲಕ್ಷ್ಮಮ್ಮ ಬಂದು ಸೊಸೆಯ ಮಣಿಕಟ್ಟು ಹಿಡಿದರು. ಬೈಯಲು ಬಂದರೆಂದುಕೊಂಡೆ.

"ನಿಮ್ಮಾವ ಸಾಯೋಗಂಟ ರೇಡಿಯೋನ ಕಿವಿಗೆ ಅಂಟುಸ್ಕಂಡೇ ಇರೋರು ಕಣವ್ವ," ಎಂದರು ಆ ಮುದುಕಿ. "ಸ್ಟೇಸನ್ನು ಮುಗುದ್ಮ್ಯಾಲೂ ಬುಸ್ಸ್ ಅಂತಾ ಇರೋದು. ಆರ್ಸಕ್ಕೋದ್ರೆ ಹೊಡ್ಯಕೆ ಬರೋರು. ನಂಗೆ ಈಗ ಅರ್ತ ಆಯ್ತಾ ಅದೆ."

ರಾಧಾಮಣಿ ದೀಪ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಎರಡು ತಲೆಮಾರಿನ ಗಂಡಸರು ಮನೆಯ ಹೆಂಗಸರಿಗೆ ಹೇಳದೆ ಬಚ್ಚಿಟ್ಟುಕೊಂಡು ಬಂದದ್ದು ತನ್ನ ಕಿವಿಗೆ ಬಂದು ಬಿದ್ದಿದೆ ಎಂದು ತಿಳಿದರೆ ಯಾರಿಗೆ ತಾನೇ ಸಮಾಧಾನವಾದೀತು? ಅವಳಿಗೆ ಆಗಲಿಲ್ಲ. ಗಂಡನ ಜೊತೆ ಎರಡು ತಿಂಗಳು ಮಾತು ಬಿಟ್ಟಳು. ಮಿಷನ್ ಮುಟ್ಟಲಿಲ್ಲ. ಚಿನ್ನುವನ್ನೂ ಮುಟ್ಟಗೊಡಲಿಲ್ಲ. ಆರ್ಡರು ತಪ್ಪಿತು. ಆಚಾರಿ ಮಫ್ ತರಿಸಿ, ಕೋಣೆಯ ಗೋಡೆಗೆ ಗೋಣಿ ಮತ್ತು ತೆಂಗಿನ ನಾರಿನ ಹಾಸು ಬಡಿಸಿದ ಮೇಲೆ ತಾವೇ ಪಾಲಿಶಿಗೆ ಕೂತರು. ಚಿನ್ನುವಿನ ಕಿವಿ ಎರಡು ಮೂರು ವಾರದಲ್ಲಿ ತಿಳಿಯಾಯಿತು. ಅವಳು ಈಗ ಕೆ.ಆರ್. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ.

ಒಂದು ದಿನ ಆಚಾರಿ ಹೆಂಡತಿಯನ್ನು ಕೇಳಿದರು: "ಆ ಸಾಬ್ರ ಹುಡ್ಗನ ಸಂಗೀತ ನಂಗೂ ಒಸಿ ಆಕ್ಕೊಡೆ."

"ಶ್ರೀರಂಗಪಟ್ಟಣಕ್ಕೆ ಬಸ್ಸೈತೆ. ಹೋಗಿ ಕೇಳ್ಕಳಿ."

ಅಷ್ಟು ಕಠಿಣವಾಗಬೇಡಿ ಎಂದೆ ನಾನು. "ನಂಗೆ ಅದು ಒಂಬತ್ತು ವರ್ಷ ಆದ್ಮೇಲೆ ಸಿಕ್ಕಿದ್ದು ಟೀಚರಮ್ಮ. ಅವ್ರು ಒಂದಿನ ಬಸ್ಸಲ್ಲಿ ಕೂರ್ಲಿ," ಎಂದಳು. ಅವರು ಹೋದರು. ಜಲೀಲ್ ಸಾಬರ ಜೊತೆ ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತು ಬಂದರಂತೆ. ಏನು ಮಾತಾಡಿದರೋ ಗೊತ್ತಿಲ್ಲ. ಮಾತೇ ಆಡಲಿಲ್ಲ ಎಂದು ಅಕೀಬ್ ಹೇಳುತ್ತಾನೆ.

ಸಂಗೀತ ಕೇಳಿ ರಾಧಾಮಣಿಯ ಸಿಟ್ಟು ಇಳಿಯಿತೇ ಎಂದು ನನ್ನ ಸ್ಕೂಲಿನಲ್ಲಿ ಕೇಳುವವರಿದ್ದಾರೆ. ಇಳಿದಿಲ್ಲ. ಮೊದಲು ಅದು ಹಾಲಿನವನ ಮೇಲೂ ನನ್ನ ಕುಕ್ಕರಿನ ಮೇಲೂ ಚೆಲ್ಲಿ ಹೋಗುತ್ತಿತ್ತು. ಈಗ ಅವಳು ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತು ಎದ್ದು ಬಂದು, ಯಾರಿಗೆ ಬೈಯಬೇಕೋ ಅವರ ಬಾಗಿಲಿಗೇ ಹೋಗಿ ಬೈಯುತ್ತಾಳೆ.

ಹೋದ ತಿಂಗಳು ಕಸುಬಿನವರ ಸಂಘದ ಸಭೆಗೆ ಹೋಗಿ, ಎಲ್ಲ ಪಾಲಿಶ್ ಕೋಣೆಯಲ್ಲೂ ಮಫ್ ಇರಬೇಕು, ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಮೊದಲೇ ವಿಷಯ ಹೇಳಬೇಕು, ಇದನ್ನು ಪುಸ್ತಕದಲ್ಲಿ ಬರೆಯಿರಿ ಎಂದಳು. ನಾನೂ ಜೊತೆಗಿದ್ದೆ. ಕೆಲವರು ನಕ್ಕರು. ಅಧ್ಯಕ್ಷರು, ಮುಂದಿನ ಸಭೆಗೆ ಇಡೋಣಮ್ಮ ಎಂದರು.

"ಬರ್ಕಳಿ. ನಾನು ಇಲ್ಲೇ ಕೂತಿರ್ತೀನಿ."

ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಇನ್ನೊಂದನ್ನು ಸಭೆಗೆ ಬಿಟ್ಟು, ಕೈ ಕಟ್ಟಿಕೊಂಡಳು. ಬೇರೆ ವಿಷಯಗಳು ಬಂದವು, ಹೋದವು. ಅವಳು ಅಲುಗಲಿಲ್ಲ. ಮೊದಲಿನ ರಾಧಾಮಣಿಯಾಗಿದ್ದರೆ ಹತ್ತು ನಿಮಿಷಕ್ಕೆ ಕೂಗಾಡುತ್ತಿದ್ದಳು, ಅಷ್ಟಕ್ಕೇ ಅವರು ಹೊರಗೆ ಕಳಿಸುತ್ತಿದ್ದರು. ಚಹಾ ಬಂತು, ಬೇಡವೆಂದಳು. ಒಂದು ಗಂಟೆಯಾದ ಮೇಲೆ ಅಧ್ಯಕ್ಷರು ಕಾರ್ಯದರ್ಶಿಯತ್ತ ನೋಡಿ, "ಬರಿಯಪ್ಪ ಅತ್ಲಾಗಿ," ಎಂದರು.

ಬರೆದದ್ದನ್ನು ಅವಳು ಎರಡು ಸಲ ಓದಿಸಿ ಕೇಳಿದಳು. ಬೀದಿಯ ಹನ್ನೊಂದು ಅಂಗಡಿಗಳಲ್ಲಿ ಇದುವರೆಗೆ ನಾಲ್ಕರವರು ಮಫ್ ತಂದಿದ್ದಾರೆ. ಉಳಿದ ಏಳರ ಮುಂದೆ ಹಾದುಹೋಗುವಾಗ ರಾಧಾಮಣಿ ನಿಂತು, ಹೆಸರು ಹಿಡಿದು ಬೈದೇ ಮುಂದಕ್ಕೆ ಹೋಗುವುದು.